ಕೆಟಲಿನ ಹೊಟ್ಟೆ

ಕಟಾಕ್ವಿಯ ಈ ಮನೆಗೆ ನಾನು ಬಂದ ವಾರವೇ
ಅತ್ತೆ ನನ್ನ ಕೈಯ ಗುದ್ದಲಿ ಕಸಿದುಕೊಂಡಳು.
ನನ್ನ ತವರಲ್ಲಿ ಗೆಣಸಿನ ಗುಪ್ಪೆಯನ್ನೇ ಮಗುಚಿ ಹಾಕುತ್ತೇವೆ,
ದಪ್ಪದ್ದು ಸಣ್ಣದ್ದು ಎಲ್ಲ ಒಂದೇ ಬುಟ್ಟಿಗೆ.
ಇಲ್ಲಿ ಹಾಗಲ್ಲ.
"ಬಸುರಿಯ ಹೊಟ್ಟೆಗೆ ಯಾರಾದರೂ ಗುದ್ದಲಿ ಹಾಕುತ್ತಾರೇನೇ?"
ಅರ್ಧ ಊರಿಗೆ ಕೇಳುವಂತೆ, ನನ್ನ ಅಮುಲೆನ್ ಅತ್ತೆ.

ಕಣ್ಣಿಗೆ ಆಗಲೇ ಪೊರೆ. ನನ್ನನ್ನು ಅವಳು ನೋಡಿದ್ದೇ ಇಲ್ಲ,
ಮುಖ ಸವರಿ "ಮೂಗು ಪರವಾಗಿಲ್ಲ" ಎಂದಿದ್ದಳು.
ಹಿತ್ತಿಲಲ್ಲಿ ಮಾತ್ರ ಊರುಗೋಲು ಬೇಡ.
ಬರಿಗಾಲಲ್ಲಿ ಗುಪ್ಪೆಯಿಂದ ಗುಪ್ಪೆಗೆ,
ಹೆಬ್ಬೆರಳಲ್ಲಿ ಎಲೆ ಸರಿಸಿ
ಮಣ್ಣು ಬಿರಿದ ಸಂದಿಗೆ ಅಂಗಾಲಿಟ್ಟು
ನಿಲ್ಲುವಳು, ನಾಡಿ ಹಿಡಿದ ಹಾಗೆ.
"ಇಲ್ಲಿ. ಒಂದೇ. ಪಕ್ಕದ್ದು ಇನ್ನೂ ಹದಿನೈದು ದಿನ ಮಲಗಲಿ."
ನಾನು ಚೂಪುಕೋಲು ಇಳಿಸಿ, ಬೆರಳಾಡಿಸಿ,
ಒಂದನ್ನೇ ಬಿಡಿಸಿಕೊಂಡು
ತಾಯಿಬೇರಿಗೆ ತಿಳಿಯದಂತೆ ಮಣ್ಣು ಮುಚ್ಚುವೆ.
ದಿನಕ್ಕೆ ಐದು, ಆರು. ನೆಂಟರು ಬಂದರೆ ಒಂಬತ್ತು.

ಸ್ನಾನದ ತಡಿಕೆಯ ಹಿಂದಿನ ಪಾತಿಯನ್ನಂತೂ
ಮುಟ್ಟುವ ಹಾಗೇ ಇಲ್ಲ.
ಬೇಸಿಗೆಯೆಲ್ಲ ನಮ್ಮ ಮೈ ತೊಳೆದ ನೀರು ಕುಡಿದು
ಹಂಬು ಅಲ್ಲಿ ಜೀವ ಹಿಡಿದಿರುತ್ತದೆ,
ಮೊದಲ ಮಳೆಗೆ ಕತ್ತರಿಸಿ ಕೇರಿಗೆಲ್ಲ ಹಂಚುವುದಕ್ಕೆ.
ಹಂಬು ಮಾರಿಕೊಂಡವರ ಹಿತ್ತಿಲಿಗೆ ಮೂತಿಹುಳ ಬೀಳುತ್ತದಂತೆ.
ನಾವು ಮಾರಿದ್ದಿಲ್ಲ;
ಮೂತಿಹುಳ ನಮಗೂ ಬಿದ್ದಿತ್ತು.

ಬಂದೂಕಿನವರು ಬಂದ ರಾತ್ರಿಯದು ಅವಳು ಹೇಳುವುದು
ಕೆಟಲಿನ ಕತೆಯೊಂದೇ.
ಮಾವ ಸೊರೋಟಿಯಿಂದ ತಂದದ್ದು, ಎಂಟು ಲೋಟದ್ದು.
ಮಾವಿನ ಮರದಿಂದ ಹನ್ನೆರಡು ಹೆಜ್ಜೆ ಎಣಿಸಿ
ಹೂತು, ಮಗುವನ್ನು ಬೆನ್ನಿಗೆ ಬಿಗಿದು ಓಡಿದಳು.
ಮೂರು ವರ್ಷ ಶಿಬಿರದಲ್ಲಿದ್ದು ಬಂದರೆ
ಮರವೇ ಇಲ್ಲ. ಎಲ್ಲಿಂದ ಎಣಿಸುವುದು?
ಮನೆಯಿದ್ದ ಜಾಗವನ್ನು ಹಂಬು ಹೊದ್ದು ಕೂತಿತ್ತು.
ಮಾವ ಏನಾದ ಎಂದು ಆ ಕತೆಯಲ್ಲಿ ಬರುವುದಿಲ್ಲ.
ಕೆಟಲ್ ಏನಾಯಿತೆಂದು ಬರುತ್ತದೆ:
ಪಕ್ಕದ ಓಜಿಲೊಂಗ್ ಕದ್ದ.
ಇಪ್ಪತ್ತೊಂದು ಮಳೆಗಾಲ ಅವನಿಗೂ ಹಂಬು ಕೊಟ್ಟಳು,
ಪ್ರತಿ ಸಲವೂ ಒಂದು ಮಾತು ಸೇರಿಸಿ:
"ನೀರು ಹಾಕಲು ಕೆಟಲ್ ಇದೆಯಲ್ಲ ನಿನ್ನಲ್ಲಿ."

ಈ ಸಲ ಹಂಬು ಕೊಯ್ಯಲು ಪಾತಿಗಿಳಿದವಳು
ನಿಂತುಬಿಟ್ಟಳು, ಎರಡೂ ಕಾಲಲ್ಲಿ.
"ಬಿರಿದಿದೆ. ದೊಡ್ಡದು. ಆದರೆ..."
ಕೋಲು ಇಳಿಸಿದೆ. ಟಣ್ ಎಂದಿತು.
ಆಗ ಅವಳೇ ಗುದ್ದಲಿ ತಂದು ನನ್ನ ಕೈಗಿಟ್ಟಳು.

ಕಪ್ಪಾಗಿತ್ತು, ಒಂದು ಪಕ್ಕ ನುಗ್ಗಾಗಿತ್ತು.
ಬಾಯಿಯಿಂದ ನೂಲಿನಷ್ಟು ಬೇರು ಒಳಹೊಕ್ಕು,
ಕತ್ತಲಲ್ಲಿ ಕೂತು ಉಂಡು ಉಂಡು
ಕೆಟಲಿನಷ್ಟೇ ಕೆಟಲಾಗಿತ್ತು ಗೆಣಸು,
ಕೊಳವೆಗೂ ಒಂದು ಬೆರಳು ಚಾಚಿಕೊಂಡು.
ಒಳಗಿಂದ ಬಾರದು, ಒಡೆಯದೆ ಬಾರದು.
ನನ್ನ ಮಗ ಎತ್ಯಾಂಗ್ ಸುತ್ತಿಗೆ ತಂದ.

ಅತ್ತೆ ಮಡಿಲಲ್ಲಿಟ್ಟುಕೊಂಡು
ನನ್ನ ಮುಖ ಸವರಿದ ಹಾಗೆಯೇ ಸವರಿದಳು.
ಅಳುತ್ತಾಳೆಂದು ಕಾದೆ.
"ಒಲೆಯ ಮೇಲಿಡು," ಎಂದಳು.
"ಕೆಟಲ್ ಇರುವುದು ಕುದಿಸುವುದಕ್ಕೆ ತಾನೇ?"

ಅರ್ಧ ಲೋಟ ನೀರೂ ಹಿಡಿಯಲಿಲ್ಲ.
ಸಂಜೆಯವರೆಗೂ ಬೆಂದು ಬೆಂದು
ಕೊಳವೆಯ ಬೆರಳು ಮೆತ್ತಗೆ ಹೊರಬಂತು,
ಮಕ್ಕಳು ಕಚ್ಚಾಡಿ ತಿಂದವು.
"ಓಜಿಲೊಂಗನನ್ನು ಕರೆ."
ಬಂದ, ತನ್ನದೇ ಚಮಚ ಜೇಬಲ್ಲಿಟ್ಟುಕೊಂಡು.
ಇಬ್ಬರೂ ನಡುವೆ ಕೆಟಲ್ ಇಟ್ಟುಕೊಂಡು
ಅರೆದ ಶೇಂಗಾ ಹಚ್ಚಿ ಹಚ್ಚಿ ತಿಂದರು.
ಅಂಟಿದ್ದನ್ನು ಕೆರೆಯುತ್ತ ಅವನೆಂದ:
"ಸ್ವಲ್ಪ ನಾರು."
"ಹಳೆಯದಲ್ಲವೇ," ಎಂದಳು.

ಹೊರಟಾಗ ಅವನ ಪಾಲಿನ ಹಂಬಿನ ಕಟ್ಟು ಕೊಟ್ಟಳು.
ನೀರಿನ ಮಾತು ಎತ್ತಲಿಲ್ಲ.
ಬೇಲಿ ದಾಟುವವರೆಗೆ ಅವನ ಹೆಜ್ಜೆ ಆಲಿಸಿ,
ಆಮೇಲೆ, ಯಾರಿಗೆಂದು ಹೇಳದೆ:
"ಮುಚ್ಚಳ ಎಲ್ಲಿ ಹೋಯಿತೋ."