ನೊರೆ ಹಚ್ಚಿದ ಬಾಯಿ

ವಾಸ್ಕೋದ ಮಾಂಗೋರ್ ಹಿಲ್ಲಿನಾಗ
ಚಂದ್ರಾಮ ಹಡಪದನ ಸಲೂನಿಗೆ ಎರಡೇ ಕುರ್ಚಿ.
ಒಂದರ ಸ್ಪ್ರಿಂಗ್ ಹೋಗೇತಿ, ಅದರ ಮ್ಯಾಲ ಹಳೇ ಪೇಪರ್ ಕುಂತಾವ.
ಇನ್ನೊಂದರಾಗ ನಾನು.
ಕೊರಳಿಗೆ ಟವೆಲ್ಲು, ಕಿವಿತನಕ ನೊರೆ,
ಗಂಟಲ ಮ್ಯಾಲ ಬ್ಲೇಡು.
ಇಂಥಾ ಹೊತ್ತಿನಾಗ ಯಾವ ವಿಷಯಕ್ಕೂ
ಮನಷ್ಯಾಗ ಅಭಿಪ್ರಾಯ ಇರಬಾರದು.

ಮಾತು ಹತ್ತಿದ್ದು ವಿಹಾನ್ ತಲ್ವಾರನ ಕೂದಲದಿಂದ.
"ವಿಗ್ಗು," ಅಂದ ಮೀನಿನ ಟೆಂಪೋದ ಬಾಳಪ್ಪ.
"ವಿಗ್ ಆಗಿದ್ರ ನನ್ನ ಕತ್ರಿ ಜುವಾರಿಗೆ ಒಗೀತೀನಿ!"
ಅಂದ ಚಂದ್ರಾಮ, ಬ್ಲೇಡ್ ತಿರುವಿದ.
ನಾನು ಉಗುಳು ನುಂಗಲಿಲ್ಲ.

"ಆಕಿ ಜೋಡಿ ಮದುವಿ ಮುರೀತಂತ?"
"ಯಾವಾಕಿ?"
"ಅದೇ, ಹಲ್ಲಿನ ಪೇಸ್ಟಿನಾಕಿ."
"ಆಕಿ ಪೇಸ್ಟ್ ಬಿಟ್ಟು ಸಿಮೆಂಟಿಗೆ ಹೋಗಿ ಎರಡು ವರ್ಷಾತಲೋ."
ಪಾವು ಮಾರೋ ಕೈತಾನ್ ಸೈಕಲ್ ನಿಲ್ಲಿಸಿ
ಬಾಗಲದಾಗ ತಲಿ ತೂರಿಸಿ
ಕೊಂಕಣಿ ಕಲಸಿದ ಕನ್ನಡದಾಗ
"ಹೀರೋ ನನ್ನ ಪಾವು ತಿಂದಾನ, ಮೂರು!" ಅಂತ ಸಾಕ್ಷಿ ಹೇಳಿ
ಪೊಂ ಪೊಂ ಅಂತ ಹೋದ.

ಆಮ್ಯಾಲ ಬಂತು ಜಿಗಿತದ ಮಾತು.
ಬರಲೇಬೇಕಲ್ಲ. ಪಿಕ್ಚರ್ ಬಂದು ಮೂರು ವಾರ,
ಈ ಗುಡ್ಡದಾಗ ಯಾವ ಹರಟೀನೂ ಅಲ್ಲಿಗೆ ಮುಟ್ಟದ ಮುಗಿಯಂಗಿಲ್ಲ:
ಅದಿರಿನ ಬಾರ್ಜಿನ ಕ್ರೇನ್ ತುದಿಗೆ ಹತ್ತಿ
ಹಿಂದ ಬೆಂಕಿ, ಮುಂದ ಸೂರ್ಯ, ಮೈಮ್ಯಾಲ ಅಂಗಿ ಇಲ್ಲ,
ಹೀರೋ ಸಮುದ್ರಕ್ಕ ಹಾರ್ತಾನಲ್ಲ, ಅದು.
"ಎಲ್ಲಾ ಕಂಪ್ಯೂಟರ್," ಅಂದ ಬಾಳಪ್ಪ.
"ನಿಮ್ಮಪ್ಪನ ಕಂಪ್ಯೂಟರ್! ಬೆನ್ನು ನೋಡಿಯೇನು, ಬೆನ್ನು?
ಅಂಥಾದ್ದು ಜಿಮ್ಮಿನಾಗ ಹುಟ್ಟಂಗಿಲ್ಲಲೇ,
ತಾಯಿ ಹೊಟ್ಟ್ಯಾಗಿಂದ ತರಬೇಕು."

ಆ ಬೆನ್ನು
ಚಂದ್ರಾಮನ ಹರಿದ ರೆಕ್ಸಿನ್ನಿಗೆ ಅಂಟಿ ಬೆವರ್ತಿತ್ತು.

ಬಂದರಿನಾಗ ಮೂಟಿ ಹೊತ್ತ ಬೆನ್ನು ಅದು.
ಹೀರೋಗ ನೀರಂದ್ರ ಅಂಜಿಕಿ.
ವ್ಯಾನಿನಾಗ ಕುಂತು ಶೇಂಗಾ ಚಿಕ್ಕಿ ತಿಂತಿದ್ದ,
ಒಳ್ಳೆ ಮನಷ್ಯಾ ಪಾಪ, ನನಗೂ ಒಂದು ಕೊಟ್ಟ.
ಮೂರು ಸಾವಿರ ರೂಪಾಯಿ, ಒಂದು ಊಟ, ಒಂದು ವಿಗ್ಗು
(ಹೌದೋ ಚಂದ್ರಾಮ, ವಿಗ್ಗು. ಜುವಾರಿ ಇಲ್ಲೇ ಐತಿ),
ಬಾಯಿ ಬಿಡೂದಿಲ್ಲ ಅಂತ ಒಂದು ಹಾಳಿಗೆ ಸಹಿ.
ಎರಡು ಸಲ ಹಾರಿಸಿದರು.
ಮೊದಲನೇ ಸಲ ಸೂರ್ಯ ಸರಿಯಾಗಿ ನಟನೆ ಮಾಡಲಿಲ್ಲಂತ.
ಎಡಗಾಲ ಹಿಮ್ಮಡ ಥಂಡಿಗೆ ಇನ್ನೂ ಆ ಮಾತು ತೆಗೀತೈತಿ.

ಚಂದ್ರಾಮನ ಮಗ ಮುತ್ತು, ಮೂಲ್ಯಾಗ ಫೋನಿಗೆ ಜೋತು ಬಿದ್ದವ,
ತಲಿ ಎತ್ತದ ಅಂದ:
"ಅಪ್ಪಾ, ಆ ಜಿಗಿತ ಗೇಮಿನಾಗ ಬಂದೈತಿ. ಆರುನೂರು ಡೈಮಂಡ್.
ತೊಗೊಂಡ್ರ ಎಲ್ಲಿಂದ ಹಾರಿದ್ರೂ ಲೈಫ್ ಹೋಗಂಗಿಲ್ಲ."
"ರೊಕ್ಕದಾಗ ಎಷ್ಟಲೇ?"
"ನಾಕನೂರಾ ಎಂಬತ್ತು."
"ಎಂಟು ಮಂದಿ ದಾಡಿ!" ಅಂದ ಚಂದ್ರಾಮ,
ಅಂದವನೇ ನೋಡಾಕ ಹೋದ, ಬ್ಲೇಡ್ ಸಮೇತ.

ಎಲ್ಲಾರೂ ಫೋನಿನ ಮ್ಯಾಲ ಬಗ್ಗಿದರು.
ಕನ್ನಡಿಯಾಗ ನನಗೂ ಕಂಡಿತು,
ಬೆರಳಿನಷ್ಟು ನಾನು,
ಹಾರ್ತೀನಿ, ಮುಳುಗ್ತೀನಿ, ಒಣ ಮೈಲೆ ಎದ್ದು
ಮತ್ತ ಹಾರ್ತೀನಿ.
ಹಾರೂ ಮುಂಚೆ ಅಂಜಿಕಿಗೆ ಬಲಗಿವಿ ಮುಟ್ಟಿಕೊಂಡಿದ್ದೆ,
ಸಣ್ಣಾಂವ ಇದ್ದಾಗಿನ ಚಾಳಿ.
ಅದನ್ನೂ ಬಿಟ್ಟಿಲ್ಲ ಕಳ್ಳರು.
"ಸ್ಟೈಲ್ ಅಂದ್ರ ಇದು!" ಅಂತ ಬಾಳಪ್ಪ,
ಕಂಪ್ಯೂಟರ್ ಅಂದಿದ್ದ ಬಾಳಪ್ಪ,
ತನ್ನ ಕಿವಿ ತಾನು ಮುಟ್ಟಿ ನೋಡಿಕೊಂಡ.

ನೊರೆ ಒಣಗಿ ಮಾರಿ ಬಿಗೀತಿತ್ತು.
ಚಂದ್ರಾಮ ತಿರುಗಿ ಬಂದ, ಉಳಿದರ್ಧ ಹೆರೆದ,
ನೀರು ಹೊಡೆದ, ಪಟಕ ತಿಕ್ಕಿದ,
ಟವೆಲ್ ಜಾಡಿಸಿ ಕೇಳಿದ:
"ನೀವು ಬಂದರಿನ ಮಂದಿ, ಹೇಳ್ರಿ ಮಲಕಾಜಪ್ಪ,
ಖರೇ ಅವನೇ ಹಾರ್‍ಯಾನೋ ಇಲ್ಲೋ?"

ಬಾಯಿ ಖಾಲಿ ಇತ್ತು. ಎಲ್ಲಾರೂ ನನ್ನ ಕಡೆ.
ಕೈ ತಾನೇ ಬಲಗಿವಿಗೆ ಹೋತು.
"ಇಲ್ಲೊಂದೀಟು ನೊರೆ ಉಳದೈತಿ ನೋಡ್ರಿ," ಅಂದೆ.

ಮುತ್ತು ಅವತ್ತು ಮೊದಲ ಸಲ
ಫೋನಿನಿಂದ ತಲಿ ಎತ್ತಿದ.