ಬಾಬ್ತು: ಒಣ ಸಿಗಡಿ, ಬುಟ್ಟಿ ಒಂದು

ಕಾರವಾರದ ಧಕ್ಕೆಯ ಬಳಿ ನಮಗೊಂದು ರೈಲ್ವೆ ಸ್ಟೇಶನ್ನಿತ್ತು.
ಹಳಿ ಇರಲಿಲ್ಲ, ಅಷ್ಟೇ.

ಒಂದು ಕಿಟಕಿ, ಕಂಬಿಯ ಹಿಂದೆ ಗುನಗಿ ಮಾಸ್ತರು,
ಕೋಟಿನ ಗುಂಡಿಯ ಮೇಲೆ ಸವೆದ ಕಂಪನಿ ಹೆಸರು,
ನೆಲದಲ್ಲಿ ಹೂತ ತೂಕದ ಕಟ್ಟೆ,
ಮುಂಬಯಿ ಆಗಬೋಟಿಗಿಂತ ಏಳು ನಿಮಿಷ
ಮುಂದೆ ಓಡುವ ಗಡಿಯಾರ.
ಟಿಕೇಟು ಇಲ್ಲಿ ಕೊಳ್ಳಬೇಕು,
ರೈಲು ಹುಬ್ಬಳ್ಳಿಯಲ್ಲಿ ಹತ್ತಬೇಕು.
ನಡುವೆ ಘಟ್ಟ; ಘಟ್ಟಕ್ಕೊಂದು ಲಾರಿ.
ಲಾರಿ ಹೊರಟಾಗ ಮಾಸ್ತರು ಗಂಟೆ ಹೊಡೆದು
ಹಸಿರು ಬಾವುಟ ಬೀಸುತ್ತಿದ್ದರು.
ನಗುತ್ತಿದ್ದುದು ಊರಿಗೆ ಹೊಸಬರು ಮಾತ್ರ.

‘ಅಳತೆ ಆಗಿದೆ, ಇನ್ನೇನು ಬಂತು’ ಎಂದು
ಅದೇ ಕುರ್ಚಿಯಲ್ಲಿ ಕೂತು ಅವರಪ್ಪನೂ ಹೇಳಿದ್ದನಂತೆ.
ಅಳತೆಯ ಕಲ್ಲು ಗುಡ್ಡದ ಬದಿಯಲ್ಲಿ ಈಗಲೂ ಇದೆ.
ನಾವದರ ಮೇಲೆ ಮೀನುಕತ್ತಿ ಮಸೆದೆವು.

ನಮ್ಮ ಆಯಿ, ಶಾಣು ಹರಿಕಂತ್ರ,
ಒಂದು ಬೇಸಿಗೆ ಒಣ ಸಿಗಡಿ ಹೊತ್ತು ತಂದು
ತೂಗಿಸಿ, ರಶೀದಿ ಪಡೆದು
ಸೆರಗಿಗೆ ಗಂಟು ಹಾಕಿಕೊಂಡಳು.
ಬುಟ್ಟಿ ಗದಗ ಮುಟ್ಟಲಿಲ್ಲ.
ಎಲ್ಲಿ ಇಳಿಯಿತೋ, ಯಾರ ಸಾರಿಗೆ ಬಿತ್ತೋ.
ಮಾಸ್ತರು ಅರ್ಜಿ ಬರೆದರು, ಅವಳು ಹೆಬ್ಬೆಟ್ಟು ಒತ್ತಿದಳು.
‘ವಿಚಾರಣೆಯಲ್ಲಿದೆ.’
ಸೋಮವಾರ ಸೋಮವಾರ ಕಿಟಕಿಯಲ್ಲಿ ಅದೇ ಮಾತು.
ಆಮೇಲಾಮೇಲೆ ಕೇಳುವುದನ್ನೂ ಬಿಟ್ಟಳು,
ಹೋಗಿ ಬಾಂಕಿನ ಮೇಲೆ ಕೂತು ಬರುವಳು:
ಅಲ್ಲಿ ಗಾಳಿ ಚಲೋ ಉಂಟು, ಎಂದು.

ಮುಚ್ಚಿದ ದಿನ ಯಾರೂ ಅಳಲಿಲ್ಲ.
ಗಡಿಯಾರಕ್ಕೆ ಗೋಣಿ ಸುತ್ತಿ ಲಾರಿಗೆ ಹೇರಿದರು.
ಕೊನೆಯ ರಶೀದಿಯನ್ನು ಮಾಸ್ತರು ಅದಕ್ಕೇ ಹರಿದರು.
ಹೊಡೆಯೋಣವೆಂದರೆ ಗಂಟೆಯೂ ಲಾರಿಯೊಳಗೇ ಇತ್ತು.
ಬಾವುಟ ಬೀಸಿದರು,
ಲಾರಿ ತಿರುವು ದಾಟಿದ ಮೇಲೂ ಸ್ವಲ್ಪ ಹೊತ್ತು.

ನಾಲ್ಕು ಮಳೆಗಾಲ ಕಳೆದು ಮನಿಯಾರ್ಡರು ಬಂತು.
ರಶೀದಿಯಲ್ಲಿ ಮೂರು ರೂಪಾಯಿ ಆರಾಣೆ;
ಅಷ್ಟರಲ್ಲಿ ಆಣೆಯೇ ಸತ್ತು
ಮೂರು ರೂಪಾಯಿ ಮೂವತ್ತೇಳು ಹೊಸ ಪೈಸೆ.
ಓದು ಬಾರದ ಆಯಿ ಬೆರಳ ಗೆಣ್ಣು ಎಣಿಸಿ
ಪೋಸ್ಟಿನವನನ್ನು ಅಂಗಳದಲ್ಲೇ ನಿಲ್ಲಿಸಿದಳು:
‘ಆರಾಣೆಗೆ ಮೂವತ್ತೇಳೂವರೆ.
ಅರ್ಧ ಪೈಸೆ ಎಲ್ಲಿ?’
ಪಾಪ, ಅವನು ತನ್ನ ಕಿಸೆ ತಡಕಿದ.
‘ನಿನ್ನದು ಬೇಡ’ ಎಂದಳು.

ಈಗ ಶಿರವಾಡದಲ್ಲಿ ಖರೇ ರೈಲು ನಿಲ್ಲುತ್ತದೆ,
ಕಡಲಿಗೆ ಬೆನ್ನು ಹಾಕಿ.
ರಾತ್ರಿ ಗಾಳಿ ತಿರುಗಿದರೆ ಕೂಗು ಧಕ್ಕೆವರೆಗೂ ಬರುತ್ತದೆ.
ಹಳೆಯ ಕೋಣೆಯಲ್ಲಿ ಮಂಜುಗಡ್ಡೆ ಒಡೆಯುತ್ತಾರೆ,
ಕಿಟಕಿಯ ತೂತಿನಿಂದ ನೀರು ತೊಟ್ಟಿಕ್ಕುತ್ತದೆ.
ಮೊನ್ನೆ ಬಂಗಡೆ ಕೊಳ್ಳಲು ಹೋದವಳು
ಬಗ್ಗಿ ಒಳಗೆ ನೋಡಿದೆ.
ತೂಕದ ಕಟ್ಟೆಯ ಮೇಲೆ ಬೆಕ್ಕೊಂದು ಮಲಗಿತ್ತು;
ತುಕ್ಕು ಹಿಡಿದ ಮುಳ್ಳು
ಅದರ ಉಸಿರಿಗೆ ತಕ್ಕಂತೆ, ಕೂದಲೆಳೆಯಷ್ಟು,
ಅಲ್ಲಾಡುತ್ತಿತ್ತು.