ಸಾಕು

ಅಳದ ಮಗು. ಸಾಣಿಕಟ್ಟಾದ ಹೆಂಗಸರೆಲ್ಲ ಬಂದು ಹೊಗಳಿದರು:
ಎಷ್ಟು ಚೊಲೋ ಕೂಸು ಯಮುನಿ, ರಾತ್ರಿ ಒಂದು ಸದ್ದಿಲ್ಲ,
ಪುಣ್ಯ ಮಾಡಿದ್ದೆ.
ನಾನೂ ನಂಬಿದೆ. ನಾಲಗೆ ತುಸು ದಪ್ಪ, ಹೊಕ್ಕುಳು ತುಸು ಉಬ್ಬು,
ಕಾಮಾಲೆ ಮೂರು ವಾರವಾದರೂ ಇಳಿಯಲಿಲ್ಲ.
ಎಳೆಬಿಸಿಲಿಗೆ ಹಿಡಿ ಅಂದರು, ಹಿಡಿದೆ.
ಉಪ್ಪಿನಾಗರದಲ್ಲಿ ಬಿಸಿಲಿಗೇನು ಬರ.

ಕುಮಟೆಯ ಆಸ್ಪತ್ರೆಯಲ್ಲಿ, ಹುಟ್ಟಿದ ಮೂರನೇ ದಿನ
ಹಿಮ್ಮಡಿ ಚುಚ್ಚಿ ದಪ್ಪ ಕಾಗದದ ಮೇಲೆ
ನಾಲ್ಕು ಕುಂಕುಮದ ಬೊಟ್ಟು ಇಟ್ಟುಕೊಂಡಿದ್ದರು.
ಕಾಗದ ಕಾರವಾರಕ್ಕೆ ಹೋಯಿತು.
ಅಲ್ಲಿಂದ ಫೋನು ಮಾಡಿದರಂತೆ, ಏಳು ಸಲ.
ಆ ತಿಂಗಳು ನನ್ನ ಫೋನಿಗೆ ರೀಚಾರ್ಜ್ ಇರಲಿಲ್ಲ.
ಎಂಬತ್ತನೇ ದಿನ ಆಶಾ ಕಾರ್ಯಕರ್ತೆ ಸುಲೋಚನಾ ಹರಿಕಂತ್ರ
ಬದುವಿನ ಮೇಲೆ ಓಡುತ್ತ ಬಂದಳು,
ಚಪ್ಪಲಿ ಎರಡೂ ಕೈಯಲ್ಲಿ.

ಕಾರವಾರದ ಡಾಕ್ಟರಮ್ಮ ಚೀಟಿಯ ಹಿಂಬದಿ ಚಿತ್ರ ಬರೆದರು.
ಕುತ್ತಿಗೆಯಲ್ಲಿ ಪಾತರಗಿತ್ತಿಯಂಥದೊಂದು ಗ್ರಂಥಿ ಇರಬೇಕು,
ಇವಳಿಗೆ ಅದು ಮೂಡಿಯೇ ಇಲ್ಲ.
ನಮ್ಮ ಉಪ್ಪಿನ ತಪ್ಪೇ?
ಹರಳುಪ್ಪು, ಅಯೋಡಿನ್ ಹಾಕದ್ದು, ಅದನ್ನೇ ತಿಂದವಳು ನಾನು.
ಅಲ್ಲ, ಉಪ್ಪಿನ ಮೇಲೆ ಹಾಕಬೇಡ ಅಂದರು.
ಈ ಮಾತನ್ನು ಅತ್ತೆ ಇವತ್ತಿಗೂ ನಂಬಿಲ್ಲ.

ಆಮೇಲೆ ಮಿದುಳಿನ ಚಿತ್ರ. ಅದರಲ್ಲಿ ಎರಡು ಬಗೆಯ ಕೋಶ.
ಒಂದು ಬಗೆ ಅನ್ನುವುದು: ಹೂಂ, ನಡೆ, ಹೊತ್ತಿಕೊ.
ಇನ್ನೊಂದರ ಬಾಯಲ್ಲಿ ಒಂದೇ ಮಾತು: ಸಾಕು.
ಆ ಸಾಕು ಅನ್ನುವವು ತಮ್ಮ ಜಾಗಕ್ಕೆ ಬಂದು ಕೂತು
ಬಲಿಯುವ ಹೊತ್ತಿಗೆ ಸರಿಯಾಗಿ
ಕುತ್ತಿಗೆಯಿಂದ ಹಾರ್ಮೋನು ಬರಬೇಕಿತ್ತು.
ತಡವಾದರೆ?
ಇಲಿಮರಿಗಳಲ್ಲಿ ನೋಡಿದ್ದಾರೆ, ಅಂದರು.
ಅವು ಬಲಿಯುವುದಿಲ್ಲ, ದನಿ ಸಣ್ಣ.
ನಿನ್ನ ಮಗಳದ್ದು ನನಗೆ ಗೊತ್ತಿಲ್ಲ.
ಗೊತ್ತಿಲ್ಲ ಅಂದ ಡಾಕ್ಟರನ್ನು ನಾನು ಕಂಡದ್ದು ಅದೇ ಮೊದಲು.

ಬಿಳಿ ಗುಳಿಗೆ, ನಮ್ಮ ಹರಳಿಗಿಂತ ಸಣ್ಣದು.
ಚಮಚದಲ್ಲಿ ಅರೆದು, ಎದೆಹಾಲು ನಾಲ್ಕು ಹನಿ,
ನಸುಕಿನಲ್ಲಿ, ಬರಿಹೊಟ್ಟೆಗೆ.
ಹದಿನಾರನೇ ದಿನ ಇಂಚರಾ ಅತ್ತಳು.
ಕೇರಿ ಕೇಳುವಂತೆ ಅತ್ತಳು.
ನಾನು ಸುಮ್ಮನಾಗಿಸಲಿಲ್ಲ. ಬಾಗಿಲು ತೆರೆದಿಟ್ಟೆ.

ಈಗ ಐದು ವರ್ಷ. ಈಗ ಎಲ್ಲವೂ ಅವಳೊಳಗೆ ನುಗ್ಗುತ್ತದೆ:
ರೈಲಿನ ಸಿಳ್ಳು, ಬಿದ್ದ ತಂಬಿಗೆ,
ಅಂಗನವಾಡಿಯ ಇಪ್ಪತ್ತು ಬಾಯಿ.
ಕಿವಿ ಮುಚ್ಚಿಕೊಂಡು ಕೂಗುತ್ತಾಳೆ. ನಗಲು ಹತ್ತಿದರೂ ನಿಲ್ಲದು,
ನಗು ಎಲ್ಲಿ ಅಳುವಾಯಿತೋ ಅವಳಿಗೂ ತಿಳಿಯದು.

ಸಂಜೆ ಮಾವನ ಹಿಂದೆ ಜಂತ್ರಡಿಗೆ ಹೋಗುತ್ತಾಳೆ.
ಮೂವತ್ತೆಂಟು ವರ್ಷ ಆ ನೀರಬಾಗಿಲು ಕಾದವರು, ಬೊಮ್ಮಯ್ಯ ಆಗೇರ.
ಭರತ ಏರುವಾಗ ಹಲಗೆ ಎತ್ತಲು ಯಾರಿಗೂ ಬರುತ್ತದೆ,
ಇಳಿಸುವ ಗಳಿಗೆ ಗೊತ್ತಿರಬೇಕು, ಅನ್ನುತ್ತಾರೆ.
ಇಳಿಸದಿದ್ದರೆ ಉಪ್ಪಿಲ್ಲ, ಬರೀ ಸಮುದ್ರ.
ಅವಳು ಹಲಗೆಯ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಾಳೆ,
ನೀರು ಬಡಿಯುತ್ತದೆ, ಬಡಿದು ನಿಲ್ಲುತ್ತದೆ.
ಅಲ್ಲಿ ಮಾತ್ರ ಕಿವಿ ಮುಚ್ಚಿಕೊಳ್ಳುವುದಿಲ್ಲ. ಯಾಕೋ.

ರಾತ್ರಿ ಅವಳ ಬೆನ್ನ ಮೇಲೆ ಅಂಗೈಯಿಟ್ಟು ಕೂತಾಗ
ಹೊಳೆಯುತ್ತದೆ: ನಮ್ಮ ಮಾತಿನಲ್ಲಿ
ಸಾಕು ಅಂದರೆ ನಿಲ್ಲಿಸು,
ಸಾಕು ಅಂದರೆ ಎತ್ತಿಕೊ, ಉಣಿಸು, ದೊಡ್ಡದು ಮಾಡು.
ಎರಡಕ್ಕೂ ಒಂದೇ ಹೆಸರಿಟ್ಟವರು ಯಾರೋ,
ಅವರ ಮನೆಯಲ್ಲೂ ಇಂಥದೊಂದು ಮಗು ಇದ್ದೀತು.
ಅವಳೊಳಗೆ ತಡವಾದ ಸಣ್ಣ ಸಣ್ಣ ಬಾಯಿಗಳ ಕೆಲಸವನ್ನು
ನಾನು ಹೊರಗಿನಿಂದ ಮಾಡುತ್ತೇನೆ.
ಸಾಕು ಮಗಾ. ಸಾಕು.

ನಿನ್ನೆ ಗಂಜಿ ಬಡಿಸುತ್ತಿದ್ದೆ.
ಎಂದೂ ಬೇಡ ಅಂದವಳಲ್ಲ,
ಬಟ್ಟಲು ತುಂಬಿ ಚೆಲ್ಲಿದರೂ ನೋಡುತ್ತ ಕೂರುವವಳು,
ಎರಡನೇ ಸೌಟಿಗೆ ಕೈ ಅಡ್ಡ ಹಿಡಿದಳು.
ಬಾಯಿಗೆ ಪದ ಬರಲಿಲ್ಲ,
ಅಂಗೈ ಮಾತ್ರ ಹಲಗೆಯ ಹಾಗೆ ನೆಟ್ಟಗೆ.
ನನಗೆ ತಿಳಿಯುವುದರೊಳಗೆ ಗಂಜಿ ಬೆರಳ ಮೇಲೆ ಬಿತ್ತು, ಬಿಸಿ.
ಅತ್ತಳು.
ತುಸು ಹೊತ್ತಿಗೆ, ನಾನು ಮುಟ್ಟುವ ಮೊದಲೇ,
ತಾನೇ ನಿಲ್ಲಿಸಿದಳು.